ಬೋರಪ್ಪನ ಹೊಲಕ್ಕೆ ಬಿದ್ದ ಮಂದೆ

“ಅಲ್ಲೇ ನಿಂತ್ಕಳಲೇ ಜುಂಜಯ್ಯ. ನಿನ್ ಕುರಿ ನಾತ ಪಡಸಾಲಿಗೆ ಬಡೀತೈತೆ,” ಎಂದ ಗೌಡ ತಿಪ್ಪೇರುದ್ರಪ್ಪ. ನನಗೆ ಹೇಳಿ ಕಳಿಸಿದವನೂ ಅವನೇ. ಆ ನಾತವೇ ಬೇಕಾಗಿತ್ತು ಅವನಿಗೆ.

ಮೂರು ವರ್ಷದ ಹಿಂದಿನವರೆಗೂ ಸುಗ್ಗಿಯಾದ ಮೇಲೆ ನಮ್ಮ ಇನ್ನೂರು ಕುರಿಗಳನ್ನು ರಾತ್ರಿ ಹೊತ್ತು ಅವನ ಹೊಲದಲ್ಲೇ ಕೂಡಿಹಾಕಿ ತರುಬುತ್ತಿದ್ದೆವು. ಹಿಕ್ಕೆ ಗಂಜಳ ಅವನ ನೆಲಕ್ಕೆ, ರಾತ್ರಿಗಿಷ್ಟು ರಾಗಿ ನಮ್ಮ ಹಟ್ಟಿಗೆ. ಆಮೇಲೆ ಗ್ರಾಮಸೇವಕ ಯೂರಿಯಾ ಮೂಟೆ ಇಳಿಸಿದ. ಬಿಳಿ ಗೊಬ್ಬರ ಬಂದದ್ದೇ ತಡ, ನಮ್ಮ ಹಿಕ್ಕೆ ಹೊಲಸಾಯಿತು. ಬದುವಿನ ಮೇಲೆ ಮೇಯಲು ಹೋದ ಕುರಿಗಳನ್ನು ಗೌಡ ದಂಡದ ದೊಡ್ಡಿಗೆ ಕೂಡಿಸಿದ. ಈಗ ಎಲ್ಲೋ ಅರಬರ ದೇಶದಲ್ಲಿ ಯುದ್ಧವಾಗಿ ಎಣ್ಣೆ ನಿಂತಿತಂತೆ, ಯೂರಿಯಾದ ಹಡಗು ಬರಲಿಲ್ಲವಂತೆ. ಕುರಿಗೆ ಮತ್ತೆ ಮರ್ಯಾದೆ ಬಂತು. ಕಾಯುವವನಿಗೆ ಮಾತ್ರ ಬರಲಿಲ್ಲ.

ಪಡಸಾಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಗ್ರಾಮಸೇವಕ ಭಾಷಣ ಶುರು ಮಾಡಿದ. ಹೊರಗಿನವರ ಹಂಗು ಸಾಕಂತೆ, ನಮ್ಮೂರ ಗೊಬ್ಬರ ನಮ್ಮೂರಿಗೆ ಸಾಲಬೇಕಂತೆ. ಅದನ್ನು ನಮ್ಮಜ್ಜ ಭಾಷಣವಿಲ್ಲದೆಯೇ ಮಾಡುತ್ತಿದ್ದ. ಹದಿನೈದು ರಾತ್ರಿ ತರುಬು, ಈ ವರ್ಷ ರಾಗಿ ಗೀಗಿ ಇಲ್ಲ, ದೇಶಸೇವೆ ಅಂದುಕೋ ಎಂದ ಗೌಡ. ಅರ್ಧವಾದರೂ ಕೊಡಿ ಎಂದೆ.

“ಕುರಿಗೆ ನನ್ ಬಾವಿ ನೀರು ಬೇಕೋ ಬ್ಯಾಡೋ? ಮುಚ್ಕಂಡು ತರುಬಲೇ, ಬೋಳಿಮಗನೆ.”

ಐಮಂಗಲದಿಂದ ಈಚೆಗೆ ಬತ್ತದೆ ಉಳಿದದ್ದು ಅದೊಂದೇ ಬಾವಿ. ಹೂಂ ಎಂದೆ. ಅಂದಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ನನ್ನ ಹೆಂಡತಿ ಜುಂಜಮ್ಮ ಬೇಲಿಯಾಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಕುರಿಗಳಿಗೆ ಗೌಡನ ಬಾವಿಯಲ್ಲೇ ಹೊಟ್ಟೆ ತುಂಬ ನೀರು ಕುಡಿಸಿ, ಸಂಜೆಗೆ ಮಂದೆಯನ್ನು ಗೌಡನ ಹೊಲ ದಾಟಿಸಿ ಪಕ್ಕದ ಕೇರಿಯ ಬೋರಪ್ಪನಿಗೆ ಸರ್ಕಾರ ಕೊಟ್ಟ ದರಖಾಸ್ತು ಎಕರೆಗೆ ಇಳಿಸಿದಳು. ಅಲ್ಲಿ ನಮ್ಮ ಮಂದೆ ಯಾವತ್ತೂ ತರುಬಿದ್ದಿಲ್ಲ. ಗೌಡನ ಅಂಗಳದಲ್ಲಿ ನಿಲ್ಲುವ ನಮಗೂ ಕೇರಿಯವರ ಮುಂದೆ ಸೊಕ್ಕಿತ್ತು, ಸುಳ್ಳೇಕೆ ಹೇಳಲಿ. ಜುಂಜಮ್ಮ ಕಲ್ಲು ತಗೊಂಡು, ಕುರಿ ಸುತ್ತ ಕಟ್ಟುವ ತಡಿಕೆಯ ಮೊದಲ ಗೂಟ ಬಡಿದೇಬಿಟ್ಟಳು. ಗೂಟ ನೆಟ್ಟ ಹೊಲದಿಂದ ಸರದಿ ಮುಗಿಯುವ ತನಕ ಮಂದೆ ಏಳಬಾರದು, ಅದು ನಮ್ಮ ಹಟ್ಟಿಯ ಕಟ್ಟಳೆ. ಮುರಿದರೆ ಕುರಿಗೆ ಕೇಡು ಎನ್ನುತ್ತಾರೆ.

ಬೋರಪ್ಪ ಕೈಯಲ್ಲಿದ್ದ ಗುದ್ದಲಿ ಹಿಡಿದೇ ಬಂದ. “ನನ್ ತಾವ ರಾಗಿ ಇಲ್ಲ ಕಣಕ್ಕ.”

“ಯಾರ್ ಕೇಳಿದ್ರು ರಾಗಿಯ? ಗುದ್ಲಿ ಐತಲ್ಲ, ಹಳ್ಳದಾಗೆ ಚಿಲುಮೆ ತೋಡ್ಕೊಡು. ಕುರಿ ನೀರು ಕುಡೀಲಿ, ನಿನ್ ಹೊಲ ಗೊಬ್ರ ತಿನ್ಲಿ.”

ಗೌಡ ಪಂಚೆ ಎತ್ತಿಕೊಂಡು ಓಡಿ ಬಂದ. ಹಿಂದೆ ಗ್ರಾಮಸೇವಕ. ನಮ್ಮವ್ವ ಅಪ್ಪನನ್ನೆಲ್ಲ ಸೇರಿಸಿ ಬೈದ. ಉಸಿರು ಕಟ್ಟಿ ನಿಂತಾಗ ಜುಂಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಗೊಬ್ರ ಬೇಕಂದ್ರೆ ನೀವೂ ಗ್ರಾಮಸೇವಕ್ರೂ ಹೋಗಿ ಹೊಲದಾಗೆ ಕುಂತ್ಕಳ್ರಿ ಗೌಡ್ರೆ. ಅದೂ ದೇಸಸೇವೇನೇ.”

ಕತ್ತಲಾಗುವುದರೊಳಗೆ ಗೌಡನ ಬಾವಿಗೆ ಜಾಲಿಮುಳ್ಳು ಬಿತ್ತು.

ಬೆಳಿಗ್ಗೆ ಹಳ್ಳದಲ್ಲಿ ಮೂವರೂ ಸರದಿಯ ಮೇಲೆ ತೋಡಿದೆವು. ಬೋರಪ್ಪ ಎದೆಮಟ್ಟ ಇಳಿದರೂ ಒಣ ಮರಳು. ಬಿಸಿಲೇರಿತು. ಇನ್ನೂರು ಕುರಿ ದಂಡೆಯ ಮೇಲೆ ನಾಲಿಗೆ ಚಾಚಿ ನಿಂತಿದ್ದವು. ಜುಂಜಮ್ಮ ಗುಂಡಿಯಿಂದ ಒಂದು ಹಿಡಿ ಮರಳು ತಗೊಂಡು ಕೆನ್ನೆಗೆ ಒತ್ತಿ ತಂಪು ನೋಡಿದಳು.

“ಇನ್ನೊಂದು ಮೊಳ ತೋಡಣ್ಣ,” ಎಂದಳು.