ಆಕಾಶ ಬೀಳದ ಮರುದಿನ

ಹದ್ದೊಂದು ಸುತ್ತುತ್ತಿದೆ, ಬರಿಯ ಹದ್ದು, ಆದರೂ ಕತ್ತು ತಾನಾಗಿ ಮೇಲೇಳುತ್ತದೆ, ತಿಂಗಳಿಡೀ ಊರಿಗೆ ಊರೇ ಹೀಗೆ ಮೋರೆಯೆತ್ತಿ ಬದುಕಿತ್ತು, ಸ್ಕೈಲ್ಯಾಬ್ ಬೀಳುತ್ತದೆ, ಬಾನಿನಲ್ಲಿ ಕೆಟ್ಟುಹೋದ ಯಂತ್ರ, ಬಿದ್ದರೆ ತಿರುಮಣಿಯಿಂದ ಮಧುಗಿರಿಯವರೆಗೆ ಬೂದಿ — ಅದು ಯಾವುದೋ ದೂರದ ಕಡಲಿಗೆ ಬಿತ್ತೆಂದು ನಿನ್ನೆ ರೇಡಿಯೊ ಹೇಳಿತು, ಲೋಕ ಉಳಿಯಿತು, ಉಳಿದ ಲೋಕದಲ್ಲಿ ನನ್ನ ಕುರಿಗಳು ಮಾತ್ರ ನನ್ನವಲ್ಲ. ಮಾರಿದ್ದು ನಾನೇ, ಹೆಂಡತಿ ಕರಿಯಕ್ಕ ತಡೆಯಲಿಲ್ಲ, ಮಾರ್ಬುಟ್ಟು ಬಾ, ಅನ್ನ ಉಂಡ್ಕೊಂಡೇ ಸಾಯಾನ, ಯಮನ ಮನೇಲೂ ಮುದ್ದೆನೇ ಇಕ್ಕಿದ್ರೆ ಏನ್ಮಾಡ್ತೀಯ ಎಂದಳು, ಇಡೀ ಹಟ್ಟಿ ಮಾರಿ ಉಂಡಿತು, ಹೋಳಿಗೆ, ತುಪ್ಪ, ಮುನಿದಿದ್ದ ದಾಯಾದಿಗಳು ಒಂದೇ ಸಾಲಿನಲ್ಲಿ, ಸಾವು ನಮ್ಮನ್ನು ಸಮನಾಗಿಸಿದಂತೆ ಬದುಕು ಎಂದೂ ಮಾಡಿರಲಿಲ್ಲ. ಎಲೆಯ ಮುಂದೆ ಕೂರದವನು ಸಿರಾದ ಕುರಿವ್ಯಾಪಾರಿ ಮುದ್ದಣ್ಣ ಒಬ್ಬನೇ, ಅವನು ಕೊಳ್ಳುತ್ತಿದ್ದ. ಈಗ ಅವನ ಹೊಸ ರೊಪ್ಪದ ಮುಂದೆ, ಕುರಿ ಕೂಡುವ ಮುಳ್ಳುಬೇಲಿಯ ಮುಂದೆ ನಿಂತಿದ್ದೇನೆ, ಕಡಿದ ಮುಳ್ಳಿನ ಹಸಿವಾಸನೆ, ಅರ್ಧದಷ್ಟು ಕುರಿಗಳ್ನಾದ್ರೂ ವಾಪಸ್ ಕೊಡಪ್ಪ ಮುದ್ದಣ್ಣ, ಅವನು ನಗುತ್ತಾನೆ, ಲೋಕ ಮುಳುಗಿದ್ರೆ ನನ್ ದುಡ್ಡೂ ಮುಳುಗ್ತಿತ್ತಲ್ಲ ಕ್ಯಾತಣ್ಣ, ಆವಾಗ ವಾಪಸ್ ಕೊಡಾಕೆ ನೀನು ಬತ್ತಿದ್ಯಾ — ಮಾತಿನಲ್ಲಿ ಲೋಪ ಹುಡುಕಲಾರೆ, ಪ್ರಳಯದ ಮುನ್ನಾದಿನ ಕೊಳ್ಳುವವನಿಗೆ ಮರುದಿನದಲ್ಲಿ ನಂಬಿಕೆಯಿರಬೇಕು, ನಮಗೆ ಇರಲಿಲ್ಲ, ನಮಗೆ ಹಸಿವಿತ್ತು. ಆದರೆ ನಾನು ಮಾರಿದ ಕುರಿಗಳು ರೊಪ್ಪದ ಒಳಹೋಗುತ್ತಿಲ್ಲ, ಆಳುಗಳು ಕೋಲು ಬೀಸಿದಷ್ಟೂ ಚೆದುರುತ್ತವೆ, ಮುದ್ದಣ್ಣನ ದನಿ ತಗ್ಗುತ್ತದೆ, ಒಸಿ ಕೂಗಣ್ಣ, ನಿನ್ ಗಂಟ್ಲಿಗೇ ಬರಾದು ಅವು, ಕೂಲಿ ಕೊಡ್ತೀನಿ, ನೀನೇ ಮೇಯಿಸ್ಕೊಂಡಿರು, ಇಲ್ದಿದ್ರೆ ನಾಳಿಕ್ಕೇ ಲಾರಿಗೆ ತುಂಬಿ ಕಟುಕರಿಗೆ ಕಳಿಸ್ಬುಡ್ತೀನಿ, ಇಂಥವನ್ನ ಇಟ್ಕಂಡು ನಾನೇನ್ಮಾಡ್ಲಿ. ಕೊಂಡ ಪಟ್ಟಿಯಲ್ಲಿ ಗಂಟಲು ಸೇರಿರಲಿಲ್ಲ, ಅದನ್ನೀಗ ಬೇರೆಯಾಗಿ ಕೊಳ್ಳುತ್ತಿದ್ದಾನೆ, ಕೊಡದಿರಬಹುದು, ಕೊಡದಿದ್ದರೆ ಲಾರಿ — ಕೂಗಿದೆ, ಕೂಗಿಬಿಟ್ಟೆ, ಚೆದುರಿದ್ದವು ಒಂದಾಗಿ, ಒಂದರ ಬೆನ್ನಿಗೆ ಒಂದು, ಎಂಥ ನಂಬಿಕೆ, ಅವನ ಬಾಗಿಲಿನೊಳಗೆ ನಡೆದವು, ಮುದಿ ಕುರಿಯೊಂದು ಮಾತ್ರ ಒಳಗಿನಿಂದ ತಿರುಗಿ ನಿಂತಿತು, ಇಷ್ಟು ವರ್ಷ ರೊಪ್ಪದಲ್ಲಿ ಅವುಗಳ ನಡುವೆಯೇ ಮಲಗಿದವನು ನಾನು, ಆಳು ಮುಳ್ಳುಕೊಂಬೆ ಎಳೆದು ಬಾಗಿಲು ಮುಚ್ಚುತ್ತಿದ್ದಾನೆ, ಆ ಮುದಿ ಕುರಿ ಕದಲುತ್ತಿಲ್ಲ, ಮುಳ್ಳಿನ ಸಂದಿಯಲ್ಲಿ ಆ ಕಣ್ಣು, ನಾನು ಒಳಗೆ ಬರಲೆಂದು ಕಾಯುವ ಕಣ್ಣು, ಮುಳ್ಳು, ಕಣ್ಣು, ಕಾಯುತ್ತಿದೆ