ಬಾಯಿ ತೆರೆಯದ ಬಂಡೆ

ಆ ಸಲ ಕುರೊಸೆ ಊರಿನಲ್ಲಿ ಬಿದ್ದ ಚಳಿಗೆ ಧಕ್ಕೆಯ ಮೇಲಿಟ್ಟ ಬುಟ್ಟಿಯ ಮೀನು ಸೌದೆಯಂತೆ ಸೆಟೆದುಕೊಂಡವು. ಅಂಥ ಚಳಿಯನ್ನು ತೊಮೆ ಹಿಂದೊಮ್ಮೆ ಕಂಡದ್ದು ತಾನು ಮದುವೆಯಾಗಿ ಈ ಊರಿಗೆ ಬಂದ ವರ್ಷ. ಆಗ ಗುಡ್ಡದಾಚೆ ಅಣುಸ್ಥಾವರವಿರಲಿಲ್ಲ, ಬರೀ ಪೈನ್ ಮರಗಳಿದ್ದವು.

ಈಗ ಸ್ಥಾವರವಿತ್ತು, ಕರೆಂಟು ಮಾತ್ರ ಹುಟ್ಟುತ್ತಿರಲಿಲ್ಲ. ಅದನ್ನು ನಿಲ್ಲಿಸಿ, ಒಂದೊಂದೇ ಭಾಗ ಬಿಚ್ಚುವ ಕೆಲಸ ವರ್ಷಗಳಿಂದ ನಡೆದಿತ್ತು. ಅಲ್ಲಿನ ಒಂದು ಕಟ್ಟಡದಲ್ಲಿ ಪೈಪಿನೊಳಗೆ ನೀರು ಹೆಪ್ಪುಗಟ್ಟಿ, ಪೈಪು ಸೀಳಿತು. ಬಿಸಿಲೇರಿದ ಮೇಲೆ ಹೆಪ್ಪು ಕರಗಿ, ವಿಕಿರಣ ಬೆರೆತ ನೀರು ನೆಲಕ್ಕೆ ಸುರಿಯಿತು. ಒಂದೆರಡು ಬಕೆಟ್ಟಿನಷ್ಟು. ಒರೆಸಿದರು, ಅಳೆದರು, ಕಟ್ಟಡ ಬಿಟ್ಟು ಒಂದು ಹನಿಯೂ ಆಚೆ ಹೋಗಿಲ್ಲ ಎಂದರು. ತೊಮೆ ಆ ಮಾತನ್ನು ನಂಬಿದಳು. ಒರೆಸಿದವರಲ್ಲಿ ಅವಳ ಮಗ ಶಿಗೆಕಿಯೂ ಇದ್ದ.

ಆದರೆ ಸುದ್ದಿ ಟಿ.ವಿ.ಯಲ್ಲಿ ಬಂತು. ಅದು ಬಂದ ಸಂಜೆಯೇ ಮೀನುಗಾರರ ಸಂಘದ ಅಧ್ಯಕ್ಷ ಹಮಾಗುಚಿ ಊರಿನ ಮೈಕಿನಲ್ಲಿ ಹೇಳಿದ: ಸದ್ಯಕ್ಕೆ ಬಂಡೆಗಳ ಬಾಯಿ ತೆರೆಯುವುದಿಲ್ಲ, ಯಾರೂ ಇಳಿಯಬಾರದು.

ಕುರೊಸೆಯ ದಡದ ಬಂಡೆಗಳ ಮೇಲೆ ಕಡು ಚಳಿಯಲ್ಲಿ ಮಾತ್ರ ನೋರಿ ಎಂಬ, ತಿನ್ನುವ ಕಪ್ಪು ಪಾಚಿ ಬೆಳೆಯುತ್ತದೆ. ಹೆಚ್ಚಿನ ಮನೆಗಳಿಗೆ ಒಂದೊಂದು ಬಂಡೆ. ಕಡಲು ಸುಮ್ಮನಿರುವ ಬೆಳಿಗ್ಗೆ ನೋಡಿ ಅಧ್ಯಕ್ಷ ಬಿಳಿ ಬಾವುಟ ಏರಿಸಬೇಕು, ಆಗ ಊರಿನ ಹೆಂಗಸರೆಲ್ಲ ಒಟ್ಟಿಗೆ ಇಳಿಯಬೇಕು. ಅದೇ ಬಾಯಿ ತೆರೆಯುವುದು. ಅದಕ್ಕೆ ಮೊದಲು ಒಂದೆಳೆ ಕಿತ್ತರೂ ಕಳ್ಳತನ. ಇನ್ನೊಂದು ಕಟ್ಟಳೆಯೂ ಇತ್ತು: ಎರಡು ಚಳಿಗಾಲ ಸಾಲಾಗಿ ಮನೆಯವರ ಕಾಲು ಬೀಳದ ಬಂಡೆ ಊರಿಗೆ ವಾಪಸು ಹೋಗುತ್ತದೆ, ಬಂಡೆಯಿಲ್ಲದ ಮನೆಯವರು ಚೀಟಿ ಎತ್ತುತ್ತಾರೆ.

ಹೋದ ವರ್ಷ ತೊಮೆಯ ಗಂಡ ತೀರಿಕೊಂಡಿದ್ದ. ಸೂತಕದ ಮನೆಯವರು ಆ ಚಳಿಗಾಲ ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಅವಳದು ಆಗಲೇ ಒಂದು ಚಳಿಗಾಲ ತಪ್ಪಿತ್ತು. ಈ ಸಲ ಬಂಡೆಯನ್ನು ಸೊಸೆ ಸಾಯೊಗೆ ತೋರಿಸಿ, ಎಲ್ಲಿ ಜಾರುತ್ತದೆ, ಯಾವ ಸಂದಿಯಲ್ಲಿ ದಟ್ಟವಾಗಿ ಬರುತ್ತದೆ ಎಂದು ಹೇಳಿಕೊಟ್ಟು, ತಾನು ದಡದಲ್ಲಿ ಕೂರಬೇಕೆಂದಿದ್ದಳು. ಅತ್ತೆ ತನಗೆ ಕೊಟ್ಟದ್ದೂ ಹಾಗೆಯೇ.

ಮರುದಿನವೇ ಅವಳು ಹಮಾಗುಚಿಯ ಮನೆಗೆ ಹೋದಳು.

"ಬಾಯಿ ತೆರೀದಿದ್ರೆ ನಂದು ಎರಡು ಚಳಿಗಾಲ ತಪ್ಪಿದ ಲೆಕ್ಕವೋ, ಒಂದೋ? ಅಷ್ಟು ಹೇಳಿ."

"ಒಳಗೆ ಬನ್ನಿ ತೊಮೆಯಕ್ಕ, ಚಹಾ ಕುಡೀರಿ."

"ಚಹಾ ನಮ್ಮನೇಲೂ ಇದೆ."

"ನಾನೊಬ್ಬನೇ ಹೇಳೋ ಮಾತಲ್ಲ ಅದು. ಸಂಘದಲ್ಲಿ ಕೇಳ್ಬೇಕು. ಸಂಘ ಸೇರ್ಬೇಕಾದ್ರೆ ಸ್ಥಾವರದ ಕಂಪನಿಯವರ ವರದಿ ಬರ್ಬೇಕು."

"ಅದು ಯಾವಾಗ ಬರತ್ತೆ?"

"ಸರ್ಕಾರದವರು ನೋಡಿದ್ಮೇಲೆ."

"ಅವರು ಯಾವಾಗ ನೋಡ್ತಾರೆ?"

ಹಮಾಗುಚಿ ಕತ್ತು ಓರೆ ಮಾಡಿ, ಹಲ್ಲುಗಳ ನಡುವೆ ಉಸಿರೆಳೆದುಕೊಂಡ. ಆ ಊರಿನಲ್ಲಿ ಅದೂ ಒಂದು ಉತ್ತರ. ತೊಮೆಗೆ ಅದನ್ನು ಕೇಳಿ ಕೇಳಿ ಸಾಕಾಗಿತ್ತು.

ಸಂಜೆ ಊಟಕ್ಕೆ ಕೂತಾಗ ಅವಳು ಮಗನಿಗೆ ಹೇಳಿದಳು, "ನಾಡಿದ್ದು ಕಂಪನಿಯವರು ಕ್ಷಮೆ ಕೇಳೋಕೆ ಬರ್ತಾರಂತೆ. ಇಡೀ ಊರು ಸೇರತ್ತೆ. ನೀನೆದ್ದು ನಮ್ಮ ಬಂಡೆ ವಿಷ್ಯ ಕೇಳು. ಗಂಡಸು ಕೇಳಿದ್ರೆ ಏನಾದ್ರೂ ಅಂದಾರು."

ಶಿಗೆಕಿ ಅನ್ನದ ಬಟ್ಟಲು ಕೆಳಗಿಟ್ಟ. "ನನ್ನಿಂದಾಗಲ್ಲಮ್ಮ."

"ಯಾಕೆ, ಬಾಯಿಗೇನು ಮಂಜು ಹಿಡಿದಿದೆಯಾ?"

"ಆ ಪೈಪಿನ ನಲ್ಲಿ ತಿರುವಿದ್ದು ನಾನೇ."

ಸಾಯೊಗೆ ಗೊತ್ತಿತ್ತೆಂದು ಕಾಣುತ್ತದೆ, ಅವಳು ತಲೆಯೆತ್ತಲಿಲ್ಲ. ಶಿಗೆಕಿ ಬಿಡಿಸಿ ಹೇಳಿದ. ಹಿಂದಿನ ಪಾಳಿಯವರು ಚಳಿಗೆ ಹೆದರಿ ನಲ್ಲಿಯನ್ನು ಎಳೆಯಷ್ಟು ಬಿಟ್ಟು ಹೋಗಿದ್ದರು. ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲವಲ್ಲ. ಆದರೆ ಆ ಕಟ್ಟಡದಲ್ಲಿ ಹರಿದ ನೀರೆಲ್ಲ ಕಸ. ಅದನ್ನು ಹಿಡಿದು, ಸೋಸಿ, ತುಂಬಿಡಬೇಕು. ಹನಿಯುವ ನಲ್ಲಿ ಬಿಟ್ಟು ಹೋಗುವವನು ಸೋಮಾರಿ ಎಂದೇ ಅಲ್ಲಿ ಕಲಿಸಿದ್ದರು. ಅವನು ಕಂಡ, ಬಿಗಿಯಾಗಿ ತಿರುವಿದ, ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡು ಮನೆಗೆ ಬಂದ.

ತೊಮೆಗೆ ಯಾರ ಮೇಲೆ ರೇಗಬೇಕೆಂದೇ ತಿಳಿಯಲಿಲ್ಲ. ಕಂಪನಿಯ ಮೇಲೆಂದು ಕೂಡಿಟ್ಟುಕೊಂಡ ಸಿಟ್ಟೆಲ್ಲ ತನ್ನ ಚಾಪೆಯ ಮೇಲೆಯೇ ಬಂದು ಕೂತಿತ್ತು.

"ಈ ಮನೇಲಿ ಇಷ್ಟು ಚಳಿಗಾಲ ಕಳೆದೆಯಲ್ಲೋ! ನಿಮ್ಮಪ್ಪ ದಿನಾ ಸಂಜೆ ನಲ್ಲಿ ಎಳೆ ಬಿಡೋದು ಕಣ್ಣಿಗೆ ಬಿದ್ದಿರಲಿಲ್ವಾ?"

"ಅದು ಮನೆ ಅಮ್ಮ. ಅಲ್ಲಿ ಬೇರೆ."

"ಚಳಿಗೆ ಗೊತ್ತಾ, ಅಲ್ಲಿ ಬೇರೆ ಅಂತ?"

ಅವನು ಎದ್ದು ಹೋದ. ಆಡಿದ ಮೇಲೆ ತೊಮೆಗೂ ಹಿತವಾಗಲಿಲ್ಲ.

ಸಭೆಯ ದಿನ ಕಂಪನಿಯವರು ಸಾಲಾಗಿ ನಿಂತು ಸೊಂಟ ಬಗ್ಗಿಸಿದರು. ಕೊನೆಯಲ್ಲಿ, ಕಂಪನಿಯ ಜಾಕೀಟು ಹಾಕಿಕೊಂಡ ಶಿಗೆಕಿ. ಊರವನೆಂದು ಅವನನ್ನೂ ನಿಲ್ಲಿಸಿದ್ದರು. ಉಳಿದವರು ತಲೆಯೆತ್ತಿದರೂ ಅವನು ಎತ್ತಲಿಲ್ಲ. ಮನೆಗೊಂದು ಕೆಂಪು ಕಾಳಿನ ಮಿಠಾಯಿ ಡಬ್ಬಿ ಹಂಚಿದರು.

ತೊಮೆ ಎದ್ದು ನಿಂತಳು. "ನೀರು ಕಡಲು ಸೇರಿಲ್ಲ ಅಂತೀರಿ. ಹಾಗಾದ್ರೆ ಬಂಡೆ ಯಾಕೆ ಮುಚ್ಚಿದೆ?"

ಕಂಪನಿಯ ಹಿರಿಯ ಮತ್ತೆ ಬಗ್ಗಿದ. "ತಮಗೆ ಚಿಂತೆ ಉಂಟುಮಾಡಿದ್ದಕ್ಕೆ ಮನಸಾರೆ ಕ್ಷಮೆ ಕೇಳುತ್ತೇವೆ. ಬಂಡೆ ಮುಚ್ಚಲು ನಾವು ಹೇಳಿಲ್ಲ."

"ನಾವೂ ಮುಚ್ಚಿಲ್ಲ," ಹಮಾಗುಚಿ ಅವಸರದಲ್ಲಿ ಹೇಳಿದ. "ತೆರೆದಿಲ್ಲ, ಅಷ್ಟೇ. ಈಗ ತೆರೆದ್ರೆ, ಕುರೊಸೆಯವರು ಎಂಥ ನೋರಿ ಮಾರ್ತಾರೆ ನೋಡಿ ಅಂತ ಪೇಟೆಯವರು ಆಡ್ಕೋತಾರೆ. ಆಮೇಲೆ ಹತ್ತು ವರ್ಷ ಯಾರೂ ಮುಟ್ಟಲ್ಲ."

ಆ ಮಾತು ಸುಳ್ಳೂ ಅಲ್ಲ.

"ಆಯ್ತು, ತೆರೀಬೇಡಿ. ನನ್ನ ಬಂಡೆ ನನ್ನದೇ ಅಂತ ಒಂದು ಮಾತು ಹೇಳಿ."

"ಇವತ್ತು ಸೋರಿಕೆ ವಿಷ್ಯ ತೊಮೆಯಕ್ಕ. ಬಂಡೆ ವಿಷ್ಯ ಆಮೇಲೆ ನೋಡೋಣ."

ಹೆಂಗಸರು ಮಿಠಾಯಿ ಡಬ್ಬಿಯ ದಾರ ನೋಡುತ್ತ ಕೂತರು. ಬಂಡೆಗಾಗಿ ಕಾಯುತ್ತಿದ್ದ ಎರಡು ಮನೆಯವರೂ ಅಲ್ಲಿದ್ದರು. ಅವರೂ ಕೆಟ್ಟವರಲ್ಲ. ಅದೇ ತೊಮೆಯನ್ನು ಇನ್ನಷ್ಟು ಕುದಿಸಿತು.

ಮರುದಿನ ಬೆಳಿಗ್ಗೆ ಕಡಲು ಎಣ್ಣೆ ಸವರಿದಂತಿತ್ತು. ಚಳಿಗಾಲದಲ್ಲಿ ಅಂಥ ದಿನ ಬರುವುದೇ ಅಪರೂಪ, ಬಂದರೆ ಮಾರನೆಯ ದಿನ ಗಾಳಿ ಗ್ಯಾರಂಟಿ. ಬಾವುಟದ ಕಂಬ ಬರಿದಾಗಿತ್ತು. ತೊಮೆ ಹುಲ್ಲಿನ ಹಗ್ಗ ಸುತ್ತಿದ ಬೂಟು ಹಾಕಿಕೊಂಡಳು. ಬುಟ್ಟಿ ತೆಗೆದುಕೊಳ್ಳಲಿಲ್ಲ, ಕೆರೆಯುವ ತಗಡೂ ತೆಗೆದುಕೊಳ್ಳಲಿಲ್ಲ. ಊರಿನ ನಡುಬೀದಿಯಲ್ಲಿ, ಎಲ್ಲರ ಕಣ್ಣೆದುರು ನಡೆದು ಹೋಗಿ, ಮೊಣಕಾಲು ಊರಿಕೊಂಡು ತನ್ನ ಬಂಡೆ ಹತ್ತಿ ನಿಂತಳು. ಕಾಲಡಿ ನೋರಿ ಕಪ್ಪು ರೇಷ್ಮೆಯಂತೆ ದಟ್ಟವಾಗಿತ್ತು. ಇಷ್ಟು ಬಂದದ್ದನ್ನು ಅವಳು ಬಹಳ ವರ್ಷಗಳಿಂದ ಕಂಡಿರಲಿಲ್ಲ.

ಮೈಕು ಗೊರಗೊರ ಎಂದಿತು: ದಯವಿಟ್ಟು ಯಾರೂ ಬಂಡೆಗೆ ಇಳಿಯಬಾರದು. ಯಾರೂ ಎಂದರೆ ಯಾರೆಂದು ಊರಿಗೆಲ್ಲ ಗೊತ್ತು. ಸ್ವಲ್ಪ ಹೊತ್ತಿಗೆ ಹಮಾಗುಚಿಯೇ ಏದುಸಿರು ಬಿಡುತ್ತ ದಡಕ್ಕೆ ಬಂದ. ಹಿಂದೆ ಹೆಂಗಸರು, ಶಿಗೆಕಿ, ಸಾಯೊ.

"ಇಳೀರಿ ತೊಮೆಯಕ್ಕ! ಬಾಯಿ ತೆರೆದಿಲ್ಲ!"

ತೊಮೆ ಎರಡೂ ಕೈ ಎತ್ತಿ ಬೆರಳು ಬಿಡಿಸಿ ತೋರಿಸಿದಳು. "ಕಿತ್ತಿಲ್ಲ, ನೋಡ್ಕೋ. ಕೀಳೋದೂ ಇಲ್ಲ. ನಮ್ಮನೆ ಕಾಲು ಈ ಚಳಿಗಾಲ ಈ ಬಂಡೆ ಮೇಲೆ ಬಿದ್ದಿದೆಯೋ ಇಲ್ಲವೋ, ಅಷ್ಟು ಹೇಳು."

"ಸಂಘದಲ್ಲಿ..."

"ಸಂಘದ ಕಣ್ಣಲ್ಲ, ನಿನ್ನ ಕಣ್ಣು! ಏ ತೊಷಿಯೋ, ಮೂಗು ಸೋರಿಸ್ಕೊಂಡು ನಮ್ಮನೆಗೆ ಬರ್ತಿದ್ದಾಗಿಂದ ನಿನಗೆ ಕಣ್ಣು ಚೆನ್ನಾಗೇ ಇತ್ತಲ್ಲ!"

ಅಧ್ಯಕ್ಷನನ್ನು ಚಿಕ್ಕಂದಿನ ಹೆಸರು ಹಿಡಿದು ಕೂಗಿದ್ದಕ್ಕೆ ಹೆಂಗಸರಲ್ಲಿ ಯಾರೋ ನಕ್ಕರು. ಹಮಾಗುಚಿ ಕತ್ತು ಓರೆ ಮಾಡಿ ಉಸಿರೆಳೆದುಕೊಂಡ. ಆ ಹೊತ್ತಿಗೆ ಸಾಯೊ ಚಪ್ಪಲಿ ಕಳಚಿ, ಬರಿಗಾಲಲ್ಲೇ ಬಂಡೆಗೆ ಕೈಹಾಕಿದಳು. ಶಿಗೆಕಿ, "ಜಾರತ್ತೆ, ಎಡಗಡೆ ಹಿಡಿ," ಎಂದು ಕೆಳಗಿನಿಂದ ಅವಳ ಹಿಮ್ಮಡಿಗೆ ತನ್ನ ಅಂಗೈ ಕೊಟ್ಟ. ಊರಿನವರೆದುರು ಅವನು ಬಾಯಿ ಬಿಟ್ಟದ್ದು ಪೈಪು ಸೀಳಿದಂದಿನಿಂದ ಅದೇ ಮೊದಲು.

ಈಗ ಬಂಡೆಯ ಮೇಲೆ ಇಬ್ಬರು.

"ಕಂಡೆ," ಎಂದ ಹಮಾಗುಚಿ ಕೊನೆಗೆ, ಯಾರನ್ನೂ ನೋಡದೆ. "ಕಂಡೆ ಮಾರಾಯ್ತಿ, ನಾನೇ ಕಂಡೆ. ಸಂಘದಲ್ಲೂ ಹಾಗೇ ಹೇಳ್ತೀನಿ. ಇಳೀರಿ ಇನ್ನು."

ತೊಮೆ ತಕ್ಷಣ ಇಳಿಯಲಿಲ್ಲ. ಸೊಸೆಗೆ ಸಂದಿಗಳನ್ನು ಒಂದೊಂದಾಗಿ ಬೆರಳಿನಿಂದ ತೋರಿಸಿದಳು, ಮುಟ್ಟದೆ. ಸಾಯೊ ತಲೆಯಾಡಿಸಿದಳು, ಅವಳ ಕಾಲ್ಬೆರಳು ನೀಲಿಗಟ್ಟಿದ್ದವು.

ಮಾರನೆಯ ದಿನ ವಾಯವ್ಯದ ಗಾಳಿ ಎದ್ದಿತು. ಮನೆಯ ಕಿಟಕಿಯಿಂದಲೇ ಕಾಣುತ್ತಿತ್ತು: ಅಲೆ ಬಂಡೆಯ ಮೇಲೆ ಬಿದ್ದು ಹಿಂದೆ ಸರಿಯುವಾಗೆಲ್ಲ ಕಪ್ಪು ಎಳೆಗಳನ್ನು ಕಿತ್ತುಕೊಂಡು ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬಂಡೆ ಬೋಳಾಯಿತು. ಬಂಡೆ ಮಾತ್ರ ಅವಳದಾಗಿಯೇ ಉಳಿದಿತ್ತು. ತೊಮೆ ಅದನ್ನು ನೋಡುತ್ತ, ಕಂಪನಿ ಕೊಟ್ಟ ಮಿಠಾಯಿಯ ಡಬ್ಬಿ ಬಿಚ್ಚಿ ಒಂದು ತುಂಡು ಬಾಯಿಗಿಟ್ಟುಕೊಂಡಳು. ಅತಿ ಸಿಹಿ. ಇನ್ನೊಂದು ತುಂಡನ್ನು ಮಗನತ್ತ ತಳ್ಳಿದಳು.