ಹುಲ್ಲುಹಾಸಿನ ಹನ್ನೊಂದು ಬಗೆ ಮಿಡತೆ

ಮಿಡತೆ ಹಿಡಿಯುವುದರಲ್ಲಿ ಬಲೆಯಮ್ಮನ ಸಮಕ್ಕೆ ನಿಲ್ಲುವವರು ಏಳು ಸಮುದ್ರದ ಆಚೆಗೂ ಇರಲಿಲ್ಲ. ಅವಳು ಬಲೆ ಬೀಸಿದರೆ ಗಾಳಿಯೇ ಎರಡು ಹೆಜ್ಜೆ ಸರಿದು ದಾರಿ ಬಿಡುತ್ತಿತ್ತು. ಮಿಡತೆ ತೊಡೆ ಉಜ್ಜಿದ ಸದ್ದು ಕೇಳಿ, ಅದರ ಮುತ್ತಜ್ಜಿ ಯಾವ ಗಿಡದ ಬುಡದಲ್ಲಿ ಹುಟ್ಟಿದವಳೆಂದು ಹೇಳಬಲ್ಲಳು. ಕಾಲೇಜಿನ ಕೀಟಸಂಗ್ರಹದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಸೂಜಿ ಚುಚ್ಚಿ, ಚೀಟಿ ಅಂಟಿಸಿ ಕೂತವಳು. ಕೋಣೆಯ ಹಿಂದಿನ ಎರಡು ಎಕರೆ ಬೀಳು ನೆಲವೇ ಅವಳ ಸಾಮ್ರಾಜ್ಯ.

ಅದನ್ನು ನುಂಗಲು ಹೊರಟವನು ಅವಳ ಸ್ವಂತ ಭಾವ, ಅಕ್ಕನ ಗಂಡ, ಕಾಲೇಜಿನ ತೋಟದ ಮೇಲ್ವಿಚಾರಕ. ಮುಂದಿನ ಅಂಗಳದಲ್ಲಿ ಒಂದೇ ಬಗೆಯ ಹುಲ್ಲು ಬೆಳೆಸಿ, ಅದಕ್ಕೆ ವಾರಕ್ಕೆರಡು ಸಲ ಕ್ಷೌರ ಮಾಡಿಸಿ, ಸೃಷ್ಟಿಕರ್ತನಿಗೆ ತಾನೇ ಕೈಹಿಡಿದು ಅಕ್ಷರ ತಿದ್ದಿಸಿದವನಂತೆ ಓಡಾಡುತ್ತಿದ್ದ. ಹಿಂದಿನ ಪೊದೆಯನ್ನೂ ಹೀಗೇ ಮಾಡುತ್ತೇನೆಂದು ಆಡಳಿತ ಸಮಿತಿಗೆ ಬರೆದ. ಅಲ್ಲಿ ಮೂವತ್ತೆಂಟು ಬಗೆ ಮಿಡತೆಗಳಿವೆ ಎಂದು ಬಲೆಯಮ್ಮ ತಕರಾರು ತೆಗೆದಳು. ಭಾವ ತಾನೂ ಒಂದು ಬಲೆ ಕೊಂಡು, ಹುಲ್ಲುಹಾಸಿನ ಮೇಲೆ ಒಂದೇ ಬೆಳಗ್ಗೆ ಬೀಸಿ, ಹನ್ನೊಂದು ಬಗೆ ಸಿಕ್ಕಿವೆ, ಹುಲ್ಲು ಕತ್ತರಿಸಿದರೂ ಮಿಡತೆಗೇನು ಬರವಿಲ್ಲ ಎಂದು ಪಟ್ಟಿ ಕೊಟ್ಟ. ಸಮಿತಿಯವರು ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಮುಂದಿನ ತಿಂಗಳ ಕೊನೆಗೆ ತೀರ್ಮಾನ, ಒಪ್ಪಿದರೆ ಮರುದಿನವೇ ಯಂತ್ರ ಎಂದರು.

ಭಾವ ಜಾಡಿ ಹಿಡಿದು ಅವಳ ಕೋಣೆಗೇ ಬಂದ.

“ನೋಡು ನಾದಿನಿ, ಒಂದು ಹಸಿರು, ಒಂದು ಕಂದು. ಇದಕ್ಕೆ ರೆಕ್ಕೆ ಇಲ್ಲ, ಅದಕ್ಕೆ ಮೊಟಕು ರೆಕ್ಕೆ. ಇದು ಅಕ್ಕಿಕಾಳಷ್ಟು, ಅದು ಹೆಬ್ಬೆರಳಷ್ಟು. ಹನ್ನೊಂದು! ಎಣಿಸ್ಕೋ.”

ಬಲೆಯಮ್ಮ ನಕ್ಕ ನಗೆಗೆ ಗಾಜಿನ ಕಪಾಟು ಮೂರು ದಿನ ನಡುಗಿತು.

“ಭಾವ, ನಿಮ್ಮ ಮಕ್ಕಳನ್ನ ಸಾಲಾಗಿ ನಿಲ್ಲಿಸಿದ್ರೆ ಎಷ್ಟು ಬಗೆ ಪ್ರಾಣಿ ಅಂತೀರಿ? ತೊಟ್ಟಿಲಲ್ಲಿರೋದು ಒಂದು, ಅಂಬೆಗಾಲಿಡೋದು ಇನ್ನೊಂದು, ಮೀಸೆ ಬಂದಿದ್ದು ಮೂರನೇದಾ?”

“ಒಗಟು ಬೇಡ, ನೆಟ್ಟಗೆ ಹೇಳು.”

“ಇವೆಲ್ಲ ಒಂದೇ ಮಿಡತೆಯ ಸಂಸಾರ ರೀ. ಮರಿಗಳು ಪೊರೆ ಬಿಟ್ಟಾಗೆಲ್ಲ ಬೇರೆ ಥರ ಕಾಣ್ತವೆ. ಬಣ್ಣ ಅಂತೂ ಒಂದೇ ಮನೇಲಿ ಎರಡೆರಡು.”

“ಬಾಯಲ್ಲಿ ಯಾರು ಬೇಕಾದ್ರೂ ಅರಮನೆ ಕಟ್ತಾರೆ. ಸಾಬೀತು ಮಾಡು.”

“ಜಾಡಿ ಇಲ್ಲೇ ಇಟ್ಟು ಹೋಗಿ.”

ಹನ್ನೊಂದಕ್ಕೂ ಬೇರೆ ಬೇರೆ ಜಾಡಿ ಕೊಟ್ಟು, ಭಾವನ ಹುಲ್ಲನ್ನೇ ತಿನ್ನಿಸಿ ಸಾಕಿದಳು. ಒಂದೊಂದೇ ಪೊರೆ ಬಿಟ್ಟು ಬೆಳೆದು ಅದೇ ಓರೆ ಮುಖ, ಅದೇ ಉದ್ದ ರೆಕ್ಕೆ ತೋರಿಸುತ್ತ ಬಂದಾಗ ಪ್ರತಿಯೊಂದಕ್ಕೂ “ಬಾಪ್ಪಾ, ನೀನೂ ಅದೇನಾ” ಎಂದು ಮೂಗು ಮುರಿದಳು.

ಮೂಗು ಮುರಿಯುವ ನಡುವೆ ಒಂದು ಯೋಚನೆ ಮುಳ್ಳಿನಂತೆ ಚುಚ್ಚಿತು. ತನ್ನ ಮೂವತ್ತೆಂಟರಲ್ಲಿ ಒಂಬತ್ತನ್ನು, ಸಮಿತಿಯ ಬಾಯಿ ಮುಚ್ಚಿಸುವ ಆತುರಕ್ಕೆ, ಮರಿಗಳನ್ನಷ್ಟೇ ನೋಡಿ ಬರೆದಿದ್ದಳಲ್ಲ! ಯಾರಿಗೂ ಗೊತ್ತಿರಲಿಲ್ಲ, ಭಾವನಿಗೆ ಗೊತ್ತಾಗಲು ಇನ್ನೂ ಏಳು ಜನ್ಮ ಬೇಕಿತ್ತು. ಆದರೂ ಅದೇ ಪೊದೆಗಳಿಂದ ಆ ಮರಿಗಳನ್ನು ತಂದು, ಅವುಗಳ ಗಿಡದ ಎಲೆಯನ್ನೇ ಹಾಕಿ ಸಾಕಿದಳು. ಒಂಬತ್ತರಲ್ಲಿ ಆರು ಬೆಳೆದು, ಆಗಲೇ ಪಟ್ಟಿಯಲ್ಲಿದ್ದವೇ ಆಗಿ ಕೂತವು. ಆ ರಾತ್ರಿಯ ಊಟ ಅವಳಿಗೆ ಮಣ್ಣಾಯಿತು.

ಸಮಿತಿಯ ಮೇಜಿನ ಮೇಲೆ ಹನ್ನೊಂದು ಜಾಡಿ ಸಾಲಾಗಿ ನಿಂತವು. ಅಧ್ಯಕ್ಷರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

“ಎಲ್ಲಾ ಒಂದೇ ಥರ ಇವೆಯಲ್ರೀ. ಸರಿ, ನಿಮ್ಮ ಮೂವತ್ತೆಂಟು?”

ಬಲೆಯಮ್ಮ ಹಲ್ಲು ಕಚ್ಚಿದಳು. “ಮೂವತ್ತೆರಡು ಸಾರ್. ಆರು ನಾನು ತಪ್ಪು ಎಣಿಸಿದ್ದೆ. ಸಾಕಿ ನೋಡಿದೆ.”

ಭಾವ ಕುರ್ಚಿಯಿಂದ ನೆಗೆದ. “ನೋಡಿದ್ರಾ! ಇವಳದ್ದೂ ಸುಳ್ಳು ಪಟ್ಟಿ!”

“ಹೌದು ಭಾವ. ನಾನು ತಪ್ಪಿದ್ರೆ ಆರು ಹೋಗ್ತವೆ. ನೀವು ತಪ್ಪಿದ್ರೆ ಒಂದು ಉಳಿಯತ್ತೆ.”

ಅಧ್ಯಕ್ಷರು ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು. “ಅಲ್ಲಮ್ಮ, ಅಲ್ಲಿ ಮಾತ್ರ ಅಷ್ಟೊಂದು ಯಾಕೆ?”

“ಒಂದು ಎತ್ತರದ ಹುಲ್ಲಲ್ಲೇ ಬಾಳತ್ತೆ ಸಾರ್, ಒಂದಕ್ಕೆ ಅಗಲ ಎಲೆ ಬೇಕು. ಒಂದು ಬರೀ ನೆಲದ ಮೇಲೆ ಮಣ್ಣಿನ ಬಣ್ಣದಲ್ಲಿ ಕೂರತ್ತೆ, ಒಂದಕ್ಕೆ ತೇವದ ತಗ್ಗೇ ಆಗಬೇಕು. ಹಿಂದೆ ಅರವತ್ತು ಥರ ಗಿಡ ಇದೆ, ಬಿಸಿಲು, ನೆರಳು, ಕಲ್ಲು ಎಲ್ಲ ಇದೆ. ಮುಂದೆ ಒಂದೇ ಹುಲ್ಲು. ಅದನ್ನ ತಿನ್ನೋನೂ ಒಬ್ಬನೇ.”

ಬೀಳು ನೆಲಕ್ಕೆ ಯಂತ್ರ ಇಳಿಯಬಾರದೆಂದು ಸಮಿತಿ ಅಲ್ಲೇ ಬರೆದುಕೊಟ್ಟಿತು. ತನ್ನ ಪಟ್ಟಿಯನ್ನು ತಾನೇ ಕಡಿದುಕೊಂಡವಳ ಮಾತು ನಂಬಬಹುದು ಎಂದರು ಅಧ್ಯಕ್ಷರು. ಆ ಹೊಗಳಿಕೆಯೂ ಬಲೆಯಮ್ಮನಿಗೆ ರುಚಿಸಲಿಲ್ಲ. ಆರು ಕಳೆದುಕೊಂಡ ಹೊಟ್ಟೆಯುರಿ ಹಾಗೇ ಇತ್ತು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗದ ಭಾವ ವಾರದೊಳಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದ.

“ಅಲ್ಲ ನಾದಿನಿ, ನನ್ನ ಹುಲ್ಲುಹಾಸಿಗೆ ಎರಡನೇ ಬಗೆ ಮಿಡತೆ ಬರಬೇಕಂದ್ರೆ ಏನು ಮಾಡ್ಬೇಕು?”

“ಒಂದು ಮೂಲೆ ಹಾಗೇ ಬಿಟ್ಬಿಡಿ ಭಾವ. ಕತ್ತರಿಸಬೇಡಿ, ಕಳೆ ಕೀಳಬೇಡಿ, ಏನೂ ಮಾಡಬೇಡಿ. ಅದೊಂದು ಕೆಲಸ ನಿಮ್ಮ ಕೈಲಾಗತ್ತೆ.”

ಭಾವ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಎಲ್ಲವನ್ನೂ ಬರೆದುಕೊಂಡ.

“ಸರಿ,” ಎಂದ, “ಏನೂ ಮಾಡದೆ ಇರೋದಕ್ಕೆ ಎಷ್ಟು ಜನ ಆಳು ಬೇಕಾಗ್ತಾರೆ?”